ರಾತ್ರಿ ಕೇಳಿದ ಪ್ರಶ್ನೆಗೆ ಮೂರನೇ ಪಿರಿಯಡ್ಡಿನೊಳಗೆ ಉತ್ತರ: ಬಿ.ಇಡಿ ವಿದ್ಯಾರ್ಥಿನಿಯ ಒಂದು ವರ್ಷದ ರಿವ್ಯೂ

ನಾನು ಚಿಕ್ಕಬಳ್ಳಾಪುರದಲ್ಲಿ ಬಿ.ಇಡಿ ಎರಡನೇ ವರ್ಷ ಓದುತ್ತಿದ್ದೇನೆ. ಊರು ಶಿಡ್ಲಘಟ್ಟ ತಾಲ್ಲೂಕು. ಮೆಥಡ್ ವಿಷಯ, ಅಂದರೆ ನಾನು ಕಲಿಸಲು ಕಲಿಯುತ್ತಿರುವ ವಿಷಯ, ಭೌತವಿಜ್ಞಾನ ಮತ್ತು ಗಣಿತ. ಒಂದು ವರ್ಷದಿಂದ ಫೋನಿನಲ್ಲೇ ಶಿಕ್ಷಕರ ಒಂದು ಬಳಗ ಕಟ್ಟಿಕೊಳ್ಳುತ್ತಾ ಬಂದಿದ್ದೇನೆ. ಕಾಲೇಜಿನಲ್ಲಿ ಇದಕ್ಕೆ ಪಿಎಲ್‌ಎನ್ ಅಂತಾರೆ, ಪ್ರೊಫೆಷನಲ್ ಲರ್ನಿಂಗ್ ನೆಟ್‌ವರ್ಕ್. ನಾನು ಬಳಗ ಅಂತಲೇ ಬರೆಯುತ್ತೇನೆ. ಇದಕ್ಕಾಗಿ ಯಾವ ಯಾವ ಆ್ಯಪ್ ಬಳಸಿದೆ, ಯಾವುದು ಕೈಹಿಡಿಯಿತು, ಯಾವುದಕ್ಕೆ ದುಡ್ಡು ದಂಡವಾಯಿತು ಅಂತ ಬರೆದರೆ ಮುಂದಿನ ಬ್ಯಾಚಿನವರಿಗೆ ಉಪಯೋಗವಾಗುತ್ತದೆ ಅನ್ನಿಸಿತು.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಟೆಲಿಗ್ರಾಮ್‌ನಲ್ಲಿ ನಿಮ್ಮ ವಿಷಯದ್ದೇ ಒಂದು ಒಳ್ಳೆಯ ಗುಂಪು, ವಾಟ್ಸಾಪ್‌ನಲ್ಲಿ ಹತ್ತು ಹನ್ನೊಂದು ಜನರ ಒಂದು ಚಿಕ್ಕ ಗುಂಪು, ಜೊತೆಗೆ ಸರ್ಕಾರದ ದೀಕ್ಷಾ ಆ್ಯಪ್. ಇಷ್ಟಿದ್ದರೆ ಬಿ.ಇಡಿ ಮುಗಿಯುವವರೆಗೆ ಸಾಕು. ಎಲ್ಲವೂ ಉಚಿತ. ದುಡ್ಡು ಕೊಟ್ಟು ಸೇರುವ ಯಾವ ಮೆಂಬರ್‌ಶಿಪ್ಪೂ ಬೇಡ.

ನಾನು ಅಳೆದದ್ದು ಒಂದೇ ಅಳತೆಯಲ್ಲಿ. ರಾತ್ರಿ ಒಂಬತ್ತೂವರೆಗೆ ಒಂದು ಪ್ರಶ್ನೆ ಕೇಳಿದರೆ, ಮಾರನೇ ದಿನ ಮೂರನೇ ಪಿರಿಯಡ್ಡಿಗೆ ತರಗತಿಯಲ್ಲಿ ಬಳಸಬಹುದಾದ ಏನಾದರೂ ಸಿಗುತ್ತದಾ? ಸಿಕ್ಕರೆ ಅದು ಬಳಗ. ಸಿಗದಿದ್ದರೆ ಅಲ್ಲಿ ಸಾವಿರ ಜನ ಇದ್ದರೂ ನನಗೆ ಅದರಿಂದ ಪ್ರಯೋಜನ ಇಲ್ಲ.

ಶುರುವಿನಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಯಾರು ಲಿಂಕ್ ಕಳಿಸಿದರೂ ಸೇರಿಕೊಂಡೆ. ಒಂದು ತಿಂಗಳಲ್ಲಿ ಇಪ್ಪತ್ತಮೂರು ಗುಂಪು. ಹೆಸರಿನಲ್ಲೆಲ್ಲ ಶಿಕ್ಷಕರ ಬಳಗ, ಗುರುಬಳಗ ಅಂತ ಇರುತ್ತದೆ. ಒಳಗೆ ಹೋದರೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ನೋಟ್ಸ್, ಹಳೇ ಪ್ರಶ್ನೆಪತ್ರಿಕೆ, ನೇಮಕಾತಿ ಸುದ್ದಿ, ವರ್ಗಾವಣೆ ಸುದ್ದಿ, ಡಿಎ (ತುಟ್ಟಿಭತ್ಯೆ) ಸುದ್ದಿ, ಮತ್ತೆ ಬೆಳಗ್ಗೆ ಶುಭೋದಯದ ಚಿತ್ರ. ಇವು ತಪ್ಪು ಅಂತ ನಾನು ಹೇಳುತ್ತಿಲ್ಲ. ಟಿಇಟಿಯಲ್ಲಿ 150 ಅಂಕಕ್ಕೆ 90 ತೆಗೆಯದೆ ಸಾಮಾನ್ಯ ವರ್ಗದವರು ಪಾಸಾಗುವುದಿಲ್ಲ, ಆ ತಯಾರಿಯೂ ಬೇಕು. ಆದರೆ ಕೆಲಸ ಸಿಗುವುದು ಹೇಗೆ ಅನ್ನುವುದಕ್ಕೂ ಪಾಠ ಮಾಡುವುದು ಹೇಗೆ ಅನ್ನುವುದಕ್ಕೂ ಬೇರೆ ಬೇರೆ ಗುಂಪು ಬೇಕು. ಎರಡನ್ನೂ ಒಂದೇ ಕಡೆ ಹಾಕಿದರೆ ಪಾಠದ ಮಾತು ಮುಳುಗಿಹೋಗುತ್ತದೆ. ಇದು ಅರ್ಥವಾಗಲು ನನಗೆ ಮೂರು ತಿಂಗಳು ಬೇಕಾಯಿತು. ಆಮೇಲೆ ಹತ್ತೊಂಬತ್ತು ಗುಂಪುಗಳಿಂದ ಹೊರಗೆ ಬಂದೆ.

ಉಳಿದ ನಾಲ್ಕರಲ್ಲಿ ಒಂದು ಟೆಲಿಗ್ರಾಮ್ ಗುಂಪು, ಪ್ರೌಢಶಾಲೆ ವಿಜ್ಞಾನದವರದು. ಸುಮಾರು ನಾನೂರು ಜನ. ಹೆಸರು ಹಾಕುವುದಿಲ್ಲ, ಅಲ್ಲಿರುವವರ ಒಪ್ಪಿಗೆ ಕೇಳಿಲ್ಲ. ನಮ್ಮ ಕಾಲೇಜಿನ ಸೀನಿಯರ್ ಅಕ್ಕ ಒಬ್ಬರು ಸೇರಿಸಿದರು. ಅಲ್ಲಿ ನಿಯಮ ಒಂದೇ: ತರಗತಿಗೆ ಸಂಬಂಧಪಡದ್ದನ್ನು ಹಾಕಬಾರದು, ಹಾಕಿದರೆ ಅಡ್ಮಿನ್ ಸರ್ ತೆಗೆದುಹಾಕುತ್ತಾರೆ. ಹಬ್ಬದ ಶುಭಾಶಯವನ್ನೂ ಬಿಡುವುದಿಲ್ಲ. ಮೊದಲು ಇದು ಸ್ವಲ್ಪ ಬಿಗಿ ಅನ್ನಿಸಿತ್ತು. ಈಗ ನೋಡಿದರೆ ಆ ಗುಂಪು ಉಳಿದಿರುವುದೇ ಆ ನಿಯಮದಿಂದ.

ಎರಡು ತಿಂಗಳು ನಾನು ಸುಮ್ನೆ ಓದುತ್ತಿದ್ದೆ. ಬರೆಯಲು ಧೈರ್ಯ ಇರಲಿಲ್ಲ. ಇಪ್ಪತ್ತು ವರ್ಷ ಸರ್ವೀಸ್ ಆದವರ ಮಧ್ಯೆ ಬಿ.ಇಡಿ ಹುಡುಗಿ ಏನು ಕೇಳುವುದು ಅಂತ. ಇಂಟರ್ನ್‌ಶಿಪ್ ಶುರುವಾದ ಮೇಲೆ ಕೇಳದೆ ಬೇರೆ ದಾರಿ ಇರಲಿಲ್ಲ. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಪರಿಷತ್ತು ಎನ್‌ಸಿಟಿಇಯ 2014ರ ನಿಯಮದ ನಂತರ ಬಿ.ಇಡಿ ಎರಡು ವರ್ಷದ್ದಾಯಿತು, ಎರಡನೇ ವರ್ಷದಲ್ಲಿ 16 ವಾರ ಶಾಲೆಯಲ್ಲೇ ಇರಬೇಕು. ನನಗೆ ಸಿಕ್ಕಿದ್ದು ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಹತ್ತನೇ ತರಗತಿ, ವಿದ್ಯುಚ್ಛಕ್ತಿ ಪಾಠ. ಸರಣಿ ಜೋಡಣೆ ಅಂದರೆ ಬಲ್ಬುಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸುವುದು, ಸಮಾಂತರ ಜೋಡಣೆ ಅಂದರೆ ಒಂದೊಂದನ್ನೂ ಸೆಲ್ಲಿಗೆ ಬೇರೆ ಬೇರೆಯಾಗಿ ಜೋಡಿಸುವುದು.

ಈ ಒಂದು ಪಾಠದ ಕತೆಯನ್ನು ಪೂರ್ತಿ ಹೇಳುತ್ತೇನೆ. ಆ ಗುಂಪಿನ ಬೆಲೆ ನನಗೆ ಗೊತ್ತಾಗಿದ್ದು ಇದರಲ್ಲೇ.

ಮೊದಲ ದಿನ ಬೋರ್ಡಿನ ಮೇಲೆ ಚಿತ್ರ ಬರೆದು, ಸೂತ್ರ ಬರೆದು, ಲೆಕ್ಕ ಮಾಡಿಸಿದೆ. ಮಕ್ಕಳು ಲೆಕ್ಕ ಮಾಡಿದರು. ಉತ್ತರವೂ ಸರಿ ಬಂತು. ಆಮೇಲೆ ಒಂದು ಪ್ರಶ್ನೆ ಕೇಳಿದೆ: ಒಂದೇ ತಂತಿಯಲ್ಲಿ ಸಾಲಾಗಿ ಮೂರು ಬಲ್ಬ್ ಹಾಕಿದರೆ ಯಾವುದು ಜಾಸ್ತಿ ಬೆಳಗುತ್ತದೆ? ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಮೊದಲನೆಯದು ಅಂದರು. ಕರೆಂಟು ಮೊದಲನೇ ಬಲ್ಬಿನಲ್ಲಿ ಸ್ವಲ್ಪ ಖರ್ಚಾಗುತ್ತದೆ, ಎರಡನೆಯದಕ್ಕೆ ಕಡಿಮೆ ಹೋಗುತ್ತದೆ, ಕೊನೆಯದಕ್ಕೆ ಇನ್ನೂ ಕಡಿಮೆ ಅಂತ ಅವರ ಲೆಕ್ಕ. ತೋಟದಲ್ಲಿ ಡ್ರಿಪ್ ಪೈಪಿನ ಕೊನೆಗೆ ನೀರು ಕಡಿಮೆ ಬರಲ್ವಾ ಮಿಸ್, ಹಾಗೇನೇ ಅಂದ ಒಬ್ಬ ಹುಡುಗ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಾಳೆ ನೋಡೋಣ ಅಂದೆ.

ಆ ರಾತ್ರಿ ಗುಂಪಿನಲ್ಲಿ ಮೊದಲ ಸಲ ಬರೆದೆ. ಯಾವ ತರಗತಿ, ಎಷ್ಟು ಮಕ್ಕಳು, ಹುಡುಗ ಹೇಳಿದ ಡ್ರಿಪ್ ಪೈಪಿನ ಮಾತು, ಶಾಲೆಯಲ್ಲಿ ಏನು ಸಾಮಾನು ಇದೆ, ಏನು ಇಲ್ಲ, ಎಲ್ಲ ಬರೆದೆ. ಲ್ಯಾಬಿನಲ್ಲಿ ಕರೆಂಟು ಅಳೆಯುವ ಒಂದು ಅಮ್ಮೀಟರ್ ಇತ್ತು, ಅದರ ಮುಳ್ಳು ಅಲ್ಲಾಡುತ್ತಿರಲಿಲ್ಲ.

ಹತ್ತು ಗಂಟೆಗೆ ಒಬ್ಬ ಮೇಷ್ಟ್ರು ವಾಯ್ಸ್ ಮೆಸೇಜ್ ಹಾಕಿದರು. ಮಧುಗಿರಿ ಕಡೆಯವರು. ನಾನು ಆಗ ನಮ್ಮ ರೇಷ್ಮೆ ಹುಳದ ಮನೆಯಲ್ಲಿದ್ದೆ, ಅಮ್ಮನ ಜೊತೆ ಸೊಪ್ಪು ಹಾಕುತ್ತಿದ್ದೆ. ಫೋನನ್ನು ಚಂದ್ರಿಕೆ (ಹುಳ ಗೂಡು ಕಟ್ಟುವ ತಟ್ಟೆ) ಜೋಡಿಸಿಟ್ಟ ಮೂಲೆಯಲ್ಲಿಟ್ಟು ಕೇಳಿದೆ. ಅವರು ಹೇಳಿದ್ದು ಹೀಗೆ: "ನೋಡಮ್ಮ, ಪಾಠ ಮಾಡೋಕೆ ಹೋಗಬೇಡ. ಟಾರ್ಚ್ ಬಲ್ಬ್ ಮೂರು ತಗೋ, ಹೋಲ್ಡರ್ ತಗೋ. ಆನ್ ಮಾಡೋಕೆ ಮುಂಚೆ ಯಾವುದು ಜಾಸ್ತಿ ಉರಿಯುತ್ತೆ ಅಂತ ಕೈ ಎತ್ತಿಸು. ಎಷ್ಟು ಜನ ಯಾವುದಕ್ಕೆ ಅಂತ ಬೋರ್ಡಲ್ಲಿ ಬರಿ. ಆಮೇಲೆ ಆನ್ ಮಾಡು. ನೀನು ಏನೂ ಹೇಳಬೇಡ, ಅವರೇ ಮಾತಾಡಲಿ." ಇನ್ನೊಂದು ಮಾತು ಸೇರಿಸಿದರು. ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ ನೆನಪು ಮಾಡಿಸು, ಹಳೇ ಕಾಲದ ಸೆಟ್ಟಿನಲ್ಲಿ ಒಂದು ಬಲ್ಬ್ ಹೋದರೆ ಇಡೀ ಸಾಲು ಆರಿಹೋಗುತ್ತಿತ್ತು, ಸೀರಿಯಲ್ ಅನ್ನೋ ಹೆಸರಲ್ಲೇ ಸರಣಿ ಇದೆ ಅಂತ. ಸೀರಿಯಲ್ ಸೆಟ್ ಅನ್ನುವ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅದೇ ಪಠ್ಯದ ಸರಣಿ ಜೋಡಣೆ ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ. ಅಮ್ಮ ಕೂಡ ಕೇಳಿಸಿಕೊಂಡು, "ಯಾರೇ ಆ ಮೇಷ್ಟ್ರು, ಚೆನ್ನಾಗಿ ಹೇಳ್ತಾರೆ" ಅಂದರು.

ಅಷ್ಟರಲ್ಲಿ ಇನ್ನೊಬ್ಬ ಮೇಡಂ ಒಂದು ಎಚ್ಚರಿಕೆ ಬರೆದಿದ್ದರು. ಎರಡೂವರೆ ವೋಲ್ಟಿನ ಬಲ್ಬ್ ಆದರೆ ಸರಣಿಗೆ ನಾಲ್ಕು ಸೆಲ್ ಹಾಕಿ, ಇಲ್ಲದಿದ್ದರೆ ಬೆಳಕು ಕಾಣುವುದಿಲ್ಲ. ಸಮಾಂತರಕ್ಕೆ ಬದಲಾಯಿಸುವಾಗ ಮರೆಯದೆ ಎರಡು ಸೆಲ್ ತೆಗೆಯಿರಿ, ಇಲ್ಲದಿದ್ದರೆ ಒಂದೊಂದು ಬಲ್ಬಿಗೂ ಪೂರ್ತಿ ಆರು ವೋಲ್ಟ್ ಹೋಗಿ ಸುಟ್ಟುಹೋಗುತ್ತವೆ. ಇಂಥ ಮಾತು ಯಾವ ಪಾಠ ಯೋಜನೆಯಲ್ಲಿ ಬರುತ್ತದೆ ಹೇಳಿ? ಒಂದು ಸಲ ಬಲ್ಬ್ ಸುಟ್ಟುಕೊಂಡವರಿಗೆ ಮಾತ್ರ ಗೊತ್ತಿರುವ ವಿಷಯ ಇದು. ಕೊನೆಗೆ ಅವರು ಬರೆದಿದ್ದರು, ಮನೆಯ ಕರೆಂಟಿಗೆ ಮಾತ್ರ ಯಾವ ಕಾರಣಕ್ಕೂ ಜೋಡಿಸಬೇಡಿ, ಮಕ್ಕಳಿಗೂ ಅದನ್ನೇ ಮೊದಲು ಹೇಳಿ ಅಂತ.

ಮಾರನೇ ದಿನ ಬಸ್ ಸ್ಟ್ಯಾಂಡಿನ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬಲ್ಬು, ಹೋಲ್ಡರ್, ಸೆಲ್, ತಂತಿ ತಗೊಂಡೆ. ರಟ್ಟಿನ ಮೇಲೆ ಜೋಡಿಸಿದೆ. ಮಕ್ಕಳು ಕೈ ಎತ್ತಿದರು, ಬೋರ್ಡಿನ ಮೇಲೆ ಬರೆದೆ, ಸ್ವಿಚ್ ಹಾಕಿದೆ. ಮೊದಲೆರಡು ಬಲ್ಬ್ ಒಂದೇ ಥರ ಬೆಳಗಿದವು. ಮೂರನೆಯದು ಸ್ವಲ್ಪ ಮಂಕಾಗಿತ್ತು.

ಮಕ್ಕಳು ಕೂಗಿಬಿಟ್ಟರು. ಹೇಳಿದ್ವಲ್ಲ ಮಿಸ್, ಕೊನೇದಕ್ಕೆ ಕಮ್ಮಿ ಅಂತ!

ನನಗೆ ಕೈಕಾಲು ಆಡಲಿಲ್ಲ. ನಾನು ತೋರಿಸಬೇಕೆಂದಿದ್ದಕ್ಕೆ ಸರಿಯಾಗಿ ಉಲ್ಟಾ ಆಗಿತ್ತು. ಬೆಲ್ ಆಯಿತು. ಊಟದ ಬಿಡುವಿನಲ್ಲಿ ಗುಂಪಿನಲ್ಲಿ ಬರೆದೆ, ಬರೀ ಬಲ್ಬುಗಳ ಫೋಟೊ ಹಾಕಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು, ಒಂದೇ ಸಾಲು: ಬಲ್ಬುಗಳ ಜಾಗ ಅದಲು ಬದಲು ಮಾಡಿ ನೋಡಿ.

ಕೊನೆಯ ಪಿರಿಯಡ್ ಗೈಡ್ ಟೀಚರ್ ಹತ್ತಿರ ಹತ್ತು ನಿಮಿಷ ಕೇಳಿಕೊಂಡು ಮತ್ತೆ ಅದೇ ತರಗತಿಗೆ ಹೋದೆ. ಡ್ರಿಪ್ ಪೈಪ್ ಅಂದಿದ್ದ ಹುಡುಗನನ್ನೇ ಕರೆದೆ. ಕೊನೆಯ ಬಲ್ಬನ್ನು ತೆಗೆದು ಮೊದಲಿಗೆ ಹಾಕು ಅಂದೆ. ಹಾಕಿದ. ಈಗ ಮೊದಲನೆಯದು ಮಂಕು, ಕೊನೆಯದು ಚೆನ್ನಾಗಿ ಬೆಳಗುತ್ತಿದೆ. ಹುಡುಗ ಬಲ್ಬನ್ನೇ ನೋಡುತ್ತಾ ನಿಂತ. ಮತ್ತೆ ಮಧ್ಯಕ್ಕೆ ಹಾಕಿದ. ಮಧ್ಯದ್ದು ಮಂಕಾಯಿತು. "ಜಾಗದ್ದಲ್ಲ ಮಿಸ್, ಈ ಬಲ್ಬೇ ಹಿಂಗೆ" ಅಂದ. ಬಲ್ಬಿನೊಳಗಿನ ತಂತಿಯಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೆ ಹೀಗಾಗುತ್ತದೆ. ಕರೆಂಟು ಎಲ್ಲ ಕಡೆ ಒಂದೇ ಅನ್ನುವುದನ್ನು ನಾನು ಹೇಳಲೇ ಇಲ್ಲ, ಅವರೇ ಅಲ್ಲಿಗೆ ಬಂದರು. ನಡುವಿನ ಬಲ್ಬನ್ನು ಪೂರ್ತಿ ತೆಗೆದಾಗ ಉಳಿದ ಎರಡೂ ಆರಿದವು, ಹಿಂದಿನ ಬೆಂಚಿನಿಂದ ಯಾರೋ ಸೀರಿಯಲ್ ಸೆಟ್ ಅಂತ ಕೂಗಿದರು.

ಆ ದಿನ ಸಾಯಂಕಾಲ ಬಸ್ಸಿನಲ್ಲಿ ಕೂತು ಯೋಚಿಸಿದೆ. ಮಧುಗಿರಿ ಮೇಷ್ಟ್ರನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಎಚ್ಚರಿಕೆ ಹೇಳಿದ ಮೇಡಂ ಯಾವ ಜಿಲ್ಲೆಯವರು ಅಂತಲೂ ಗೊತ್ತಿಲ್ಲ. ಆದರೆ ನನ್ನ ತರಗತಿಯಲ್ಲಿ ಅವರಿಬ್ಬರೂ ಇದ್ದರು.

ಈಗ ಆ್ಯಪ್‌ಗಳ ವಿಷಯಕ್ಕೆ ಬರುತ್ತೇನೆ. ಟೆಲಿಗ್ರಾಮ್ ಯಾಕೆ ಚೆನ್ನಾಗಿದೆ ಅಂದರೆ, ಇವತ್ತು ಸೇರಿದವರಿಗೂ ಹಳೆಯ ಮಾತುಕತೆ ಓದಲು ಸಿಗುತ್ತದೆ, ಅಡ್ಮಿನ್ ಅದನ್ನು ಮುಚ್ಚಿಟ್ಟಿರದಿದ್ದರೆ. ನಮ್ಮ ಗುಂಪಿನಲ್ಲಿ ಹುಡುಕುವ ಜಾಗದಲ್ಲಿ ಪ್ರತಿಫಲನ ಅಂತ ಬರೆದರೆ ಮೂರು ವರ್ಷದ ಹಿಂದೆ ಯಾರೋ ಕೇಳಿದ ಪ್ರಶ್ನೆ, ಅದಕ್ಕೆ ಬಂದ ಎಂಟು ಉತ್ತರ ಎಲ್ಲ ಬರುತ್ತದೆ. ಎಷ್ಟೋ ಸಲ ಕೇಳುವ ಮೊದಲೇ ಉತ್ತರ ಸಿಕ್ಕಿದೆ. ಗುಂಪಿನಲ್ಲಿ ಎರಡು ಲಕ್ಷ ಜನರವರೆಗೆ ಸೇರಬಹುದು, ವಾಟ್ಸಾಪ್‌ನಲ್ಲಿ 1024. ಆದರೆ ದೊಡ್ಡ ಸಂಖ್ಯೆಯಿಂದ ನಮಗೆ ಲಾಭ ಇಲ್ಲ. ನಾನು ನೋಡಿದಂತೆ ಐನೂರು ದಾಟಿದ ಗುಂಪುಗಳಲ್ಲಿ ಪಾಠದ ಪ್ರಶ್ನೆಗೆ ಉತ್ತರ ಬರುವುದು ಕಡಿಮೆ, ಎಲ್ಲರೂ ಬೇರೆ ಯಾರಾದರೂ ಹೇಳುತ್ತಾರೆ ಅಂತ ಸುಮ್ಮನಿರುತ್ತಾರೆ. ಟಾಪಿಕ್ಸ್ ಅಂತ ಒಂದು ಸೌಲಭ್ಯ ಇದೆ, ಒಂದೇ ಗುಂಪಿನೊಳಗೆ ಎಂಟನೇ ತರಗತಿಗೆ ಒಂದು ಕೋಣೆ, ಒಂಬತ್ತಕ್ಕೆ ಒಂದು, ಹತ್ತಕ್ಕೆ ಒಂದು ಮಾಡಿಕೊಳ್ಳಬಹುದು. ನೀವೇ ಗುಂಪು ಶುರುಮಾಡುವುದಾದರೆ ಇದನ್ನು ಮೊದಲ ದಿನವೇ ಹಾಕಿಕೊಳ್ಳಿ.

ಹುಡುಗಿಯರಿಗೆ ಮುಖ್ಯವಾದ ಇನ್ನೊಂದು ವಿಷಯ. ಟೆಲಿಗ್ರಾಮ್‌ನಲ್ಲಿ ನಮ್ಮ ಫೋನ್ ನಂಬರ್ ಯಾರಿಗೂ ಕಾಣದ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಇಟ್ಟುಕೊಳ್ಳಬಹುದು. ನಾನು ಮೊದಲು ಸೇರಿದ್ದ ಒಂದು ದೊಡ್ಡ ಗುಂಪಿನಲ್ಲಿ ನಂಬರ್ ಎಲ್ಲರಿಗೂ ಕಾಣುತ್ತಿತ್ತು. ಪರಿಚಯವೇ ಇಲ್ಲದ ಒಬ್ಬರು ರಾತ್ರಿ ಹನ್ನೊಂದಕ್ಕೆ ಗುಡ್ ನೈಟ್ ಕಳಿಸಲು ಶುರುಮಾಡಿದರು. ಬ್ಲಾಕ್ ಮಾಡಿದೆ, ಅಡ್ಮಿನ್‌ಗೆ ತಿಳಿಸಿದೆ, ಆ ಗುಂಪನ್ನೂ ಬಿಟ್ಟೆ. ಅದಾದ ಮೇಲೆ ಹದಿನೈದು ದಿನ ಯಾವ ಗುಂಪಿನಲ್ಲೂ ಬಾಯಿ ಬಿಡಲಿಲ್ಲ. ಇಂಥದ್ದು ಆದರೆ ನಿಮ್ಮ ತಪ್ಪು ಅಂದುಕೊಳ್ಳಬೇಡಿ. ಸೇರುವ ಮೊದಲೇ ನಂಬರ್ ಮುಚ್ಚಿಡಿ, ಪ್ರೊಫೈಲ್ ಫೋಟೊ ಯಾರಿಗೆ ಕಾಣಬೇಕು ಅನ್ನುವುದನ್ನೂ ನೋಡಿಕೊಳ್ಳಿ.

ಮತ್ತೆ ಫೋಟೊ, ವಿಡಿಯೊ ತಾನೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ನನ್ನ ಫೋನು 64 ಜಿಬಿಯದು, ದಿನಕ್ಕೆ ಒಂದೂವರೆ ಜಿಬಿ ಡೇಟಾ. ನಿಲ್ಲಿಸುವ ಮೊದಲು ಬೆಳಗ್ಗೆ ಹತ್ತರೊಳಗೆ ಅರ್ಧ ಖಾಲಿಯಾಗುತ್ತಿತ್ತು.

ವಾಟ್ಸಾಪ್ ಚಿಕ್ಕ ಗುಂಪಿಗೆ ಸರಿ. ನಮ್ಮದು ಹನ್ನೊಂದು ಜನರದು: ಕಾಲೇಜಿನ ಗೆಳತಿಯರು, ಇಬ್ಬರು ಗೆಳೆಯರು, ನಮ್ಮ ಗೈಡ್ ಟೀಚರ್ ಒಬ್ಬರು. ಇಲ್ಲಿ ನಡೆಯುವುದು ಬೇರೆ ಥರದ ಮಾತು. ಇವತ್ತು ತರಗತಿಯಲ್ಲಿ ಅಳು ಬಂತು, ಎಂಟನೇ ತರಗತಿ ಹುಡುಗರು ಮಾತು ಕೇಳಲಿಲ್ಲ, ಅಬ್ಸರ್ವೇಷನ್‌ಗೆ ಬಂದ ಲೆಕ್ಚರರ್ ಎಲ್ಲರ ಮುಂದೆ ಬೈದರು. ನಾನೂರು ಜನರ ಮುಂದೆ ಇದನ್ನು ಬರೆಯಲು ಆಗುವುದಿಲ್ಲ ಅಲ್ವಾ? ಬಾಗೇಪಲ್ಲಿ ಕಡೆ ಇಂಟರ್ನ್‌ಶಿಪ್‌ಗೆ ಹೋದ ಗೆಳತಿಗೆ ಮೊದಲ ವಾರ ತುಂಬಾ ಕಷ್ಟವಾಯಿತು. ಅಲ್ಲಿ ಮಕ್ಕಳ ಮನೆಮಾತು ತೆಲುಗು, ಇವಳಿಗೆ ತೆಲುಗು ಅಷ್ಟಾಗಿ ಬರುವುದಿಲ್ಲ. ಗೈಡ್ ಟೀಚರ್ ಅವತ್ತು ರಾತ್ರಿ ಬರೆದರು: ಮಕ್ಕಳ ಹತ್ತಿರವೇ ದಿನಕ್ಕೆ ಐದು ಪದ ಕಲಿತುಕೋ, ಬೋರ್ಡಿನ ಒಂದು ಮೂಲೆಯಲ್ಲಿ ಕನ್ನಡ ಪದದ ಪಕ್ಕ ಬರೆದಿಡು. ಎರಡು ವಾರದಲ್ಲಿ ಮಕ್ಕಳೇ ಅವಳಿಗೆ ಮೇಷ್ಟ್ರಾಗಿಬಿಟ್ಟಿದ್ದರು, ಅವರ ಸಂಕೋಚವೂ ಹೋಯಿತು.

ದೀಕ್ಷಾ ಬಗ್ಗೆ. 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ವೇದಿಕೆ. ನಮ್ಮ ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಇದರದ್ದೇ. ಕೋಡ್ ಸ್ಕ್ಯಾನ್ ಆಗದಿದ್ದರೆ ಅದರ ಜೊತೆಗಿರುವ ಆರು ಅಕ್ಷರದ ಕೋಡ್ ಟೈಪ್ ಮಾಡಿದರೂ ಆಗುತ್ತದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ವಿಡಿಯೊ ಮನೆಯಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲದೆಯೂ ತೋರಿಸಬಹುದು. ಸೇವೆಯಲ್ಲಿರುವ ಶಿಕ್ಷಕರಿಗೆ ನಿಷ್ಠಾ ತರಬೇತಿ ಆನ್‌ಲೈನ್ ಆಗಿ ನಡೆದಿದ್ದೂ ಇದರ ಮೂಲಕವೇ. ನನ್ನ ಅಭಿಪ್ರಾಯದಲ್ಲಿ ಇದು ಒಳ್ಳೆಯ ಕಪಾಟು. ಬೇಕಾದ್ದನ್ನು ತೆಗೆದುಕೊಳ್ಳಬಹುದು. ಆದರೆ ಕಪಾಟು ನಮ್ಮ ಹತ್ತಿರ ಮಾತಾಡುವುದಿಲ್ಲ. ಡ್ರಿಪ್ ಪೈಪಿನ ಹುಡುಗನಿಗೆ ಏನು ಹೇಳಲಿ ಅಂತ ದೀಕ್ಷಾವನ್ನು ಕೇಳಲು ಬರುವುದಿಲ್ಲ. ಹಾಗಾಗಿ ಇದನ್ನು ಬಳಗದ ಜಾಗದಲ್ಲಿ ಇಡಬೇಡಿ, ಬಳಗದ ಜೊತೆಗೆ ಇಡಿ.

ಪಠ್ಯಪುಸ್ತಕದ ಪಿಡಿಎಫ್‌ಗಾಗಿ ಮಾತ್ರ ಗುಂಪು ಸೇರುವವರಿದ್ದಾರೆ. ಬೇಡ, ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಎಲ್ಲ ತರಗತಿಯದೂ ಉಚಿತವಾಗಿ ಸಿಗುತ್ತದೆ.

ಕೆಓಇಆರ್ ಅಂತ ಇನ್ನೊಂದಿದೆ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಕಟ್ಟಿದ್ದು. ವಿಕಿಪೀಡಿಯ ಇದ್ದ ಹಾಗೇ ಇದೆ. ನಮ್ಮ ರಾಜ್ಯದ ಸರ್ಕಾರಿ ಶಾಲೆ ಮೇಷ್ಟ್ರುಗಳು ತಾವೇ ಬರೆದದ್ದು ಇಲ್ಲಿದೆ, ಅದೂ ಕನ್ನಡದಲ್ಲಿ. ಎಲ್ಲ ಪಾಠಕ್ಕೂ ಸಮನಾಗಿ ಸಿಗುವುದಿಲ್ಲ, ಕೆಲವು ಪುಟ ತುಂಬಿದೆ, ಕೆಲವು ಖಾಲಿ ಇದೆ. ಆದರೂ ಗಣಿತದವರು ಒಂದು ಸಲ ನೋಡಲೇಬೇಕು.

ಪ್ರಯೋಗಗಳನ್ನು ಪರದೆಯ ಮೇಲೆಯೇ ಮಾಡಿ ನೋಡುವ ಫೆಟ್ ಸಿಮ್ಯುಲೇಷನ್‌ಗಳು ನನಗೆ ಬಹಳ ಇಷ್ಟ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ್ದು, ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ್ದು. ಫೋನಿನ ಬ್ರೌಸರ್‌ನಲ್ಲೇ ನಡೆಯುತ್ತದೆ, ಲಾಗಿನ್ ಬೇಕಿಲ್ಲ. ಸಮಾಂತರ ಜೋಡಣೆಯನ್ನು ತರಗತಿಗೆ ಹೋಗುವ ಮೊದಲು ಅದರಲ್ಲಿ ಕಟ್ಟಿ ನೋಡಿಕೊಂಡೆ. ಒಂದು ಮಾತು ಮಾತ್ರ: ನಾವಾಗಿ ಬದಲಾಯಿಸದಿದ್ದರೆ ಅದರಲ್ಲಿ ಸರಣಿಯ ಎಲ್ಲ ಬಲ್ಬೂ ಒಂದೇ ಥರ ಬೆಳಗುತ್ತವೆ. ತಾನಾಗೇ ಮಂಕು ಬಲ್ಬ್ ಸಿಗುವುದು ನಿಜವಾದ ಬಲ್ಬಿನಲ್ಲೇ, ಮತ್ತು ನನ್ನ ಮಕ್ಕಳು ಕಲಿತದ್ದು ಆ ಮಂಕು ಬಲ್ಬಿನಿಂದ. ಅರವಿಂದ ಗುಪ್ತ ಅವರ ಕಸದಿಂದ ಆಟಿಕೆ ವಿಡಿಯೊಗಳನ್ನೂ ನೋಡಿ. ಭಾಷೆ ಅರ್ಥವಾಗದಿದ್ದರೂ ಕೈ ನೋಡಿದರೆ ಸಾಕು.

ಎಕ್ಸ್, ಲಿಂಕ್ಡ್‌ಇನ್, ಫೇಸ್‌ಬುಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಕ್ಸ್‌ನಲ್ಲಿ, ಅದು ಟ್ವಿಟರ್ ಆಗಿದ್ದಾಗಿನಿಂದ, ಹೊರದೇಶದ ಶಿಕ್ಷಕರು ಎಡ್‌ಚಾಟ್ ಅನ್ನುವ ಹ್ಯಾಶ್‌ಟ್ಯಾಗ್‌ನಲ್ಲಿ ಮಾತಾಡುತ್ತಾರೆ, 2009ರಲ್ಲಿ ಶುರುವಾದದ್ದು. ಓದಲು ಚೆನ್ನಾಗಿದೆ, ಇಂಗ್ಲಿಷ್ ಸುಧಾರಿಸಿಕೊಳ್ಳಲೂ ಆಗುತ್ತದೆ. ಆದರೆ ಅವರ ತರಗತಿ ಬೇರೆ, ಅವರ ಕಷ್ಟ ಬೇರೆ. ನನ್ನ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲಿಲ್ಲ.

ಈಗ ದುಡ್ಡು ಕಳೆದುಕೊಂಡ ವಿಷಯ. ಕಂಪನಿಯ ಹೆಸರು ಹೇಳುವುದಿಲ್ಲ. ಭಾವಿ ಶಿಕ್ಷಕರಿಗೆ ವಿಶೇಷ ಸಮುದಾಯ, ಅನುಭವಿ ಶಿಕ್ಷಕರ ಮಾರ್ಗದರ್ಶನ, ವರ್ಷಕ್ಕೆ ಒಂದೂವರೆ ಸಾವಿರ ಅಂತ ಜಾಹೀರಾತು ಬಂತು. ಗೂಡು ಮಾರಿದ ದುಡ್ಡಿನಲ್ಲಿ ಅಮ್ಮ ಕೊಟ್ಟರು. ಸೇರಿದ ಮೇಲೆ ಸಿಕ್ಕಿದ್ದು ನಲವತ್ತು ಪಾಠ ಯೋಜನೆಯ ಪಿಡಿಎಫ್. ಅದರಲ್ಲಿ ಬಹಳಷ್ಟು ನಾನು ಉಚಿತ ತಾಣಗಳಲ್ಲಿ ಮೊದಲೇ ನೋಡಿದ್ದವು, ಮೇಲೆ ಅವರ ಲೋಗೊ ಹಾಕಿದ್ದರು. ಒಂದು ಪ್ರಶ್ನೆ ಕೇಳಿದೆ, ಒಂಬತ್ತು ದಿನ ಕಾದೆ, ಉತ್ತರವಿಲ್ಲ. ದುಡ್ಡು ವಾಪಸ್ ಕೇಳಿದ್ದಕ್ಕೂ ಉತ್ತರ ಬರಲಿಲ್ಲ. ನಮ್ಮ ಮನೆಯಲ್ಲಿ ಒಂದೂವರೆ ಸಾವಿರ ಅಂದರೆ ಸಣ್ಣ ಮೊತ್ತ ಅಲ್ಲ. ನನಗೆ ಈಗಲೂ ಬೇಜಾರಿದೆ. ಅದಕ್ಕೇ ಒತ್ತಿ ಹೇಳುತ್ತಿದ್ದೇನೆ, ಒಳ್ಳೆಯ ಮೇಷ್ಟ್ರುಗಳು ದುಡ್ಡು ತೆಗೆದುಕೊಳ್ಳದೆ ರಾತ್ರಿ ಹತ್ತು ಗಂಟೆಗೆ ವಾಯ್ಸ್ ಮೆಸೇಜ್ ಹಾಕುವ ನಾಡು ಇದು. ಮೊದಲು ಅವರನ್ನು ಹುಡುಕಿ.

ಪ್ರಶ್ನೆ ಕೇಳುವ ರೀತಿ ಬಗ್ಗೆ ನಾನು ಕಲಿತದ್ದನ್ನೂ ಹೇಳುತ್ತೇನೆ. ವಿದ್ಯುಚ್ಛಕ್ತಿಗೆ ಲೆಸನ್ ಪ್ಲ್ಯಾನ್ ಇದ್ದರೆ ಕಳಿಸಿ ಅಂತ ಕೇಳುವವರಿಗೆ ಯಾರೂ ಉತ್ತರಿಸುವುದಿಲ್ಲ, ಉತ್ತರಿಸಿದರೂ ಒಂದು ಪಿಡಿಎಫ್ ಬರುತ್ತದೆ ಅಷ್ಟೆ. ಮಕ್ಕಳು ಏನು ಹೇಳಿದರು ಅನ್ನುವುದನ್ನು ಅವರ ಮಾತಿನಲ್ಲೇ ಬರೆಯಿರಿ. ನೀವು ಏನು ಮಾಡಿ ನೋಡಿದಿರಿ ಅನ್ನುವುದನ್ನೂ ಬರೆಯಿರಿ. ಟೈಪ್ ಮಾಡಲು ಕಷ್ಟವಾದರೆ ಜಿಬೋರ್ಡ್‌ನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ, ಒಂದೆರಡು ತಪ್ಪು ಸರಿಮಾಡಿದರೆ ಆಯಿತು. ಆಮೇಲೆ ಬಹಳ ಜನ ಮರೆಯುವ ಒಂದು ಕೆಲಸ: ಸಲಹೆ ಕೊಟ್ಟವರಿಗೆ ತರಗತಿಯಲ್ಲಿ ಏನಾಯಿತು ಅಂತ ತಿರುಗಿ ಹೇಳುವುದು. ನಾನು ಬಲ್ಬ್ ಅದಲು ಬದಲು ಮಾಡಿದ ಕತೆಯನ್ನು ಪೂರ್ತಿ ಬರೆದು ಹಾಕಿದೆ. ಮಧುಗಿರಿ ಮೇಷ್ಟ್ರು, "ಡ್ರಿಪ್ ಪೈಪ್ ಮಾತು ನಾನು ನಾಳೆ ನಮ್ಮ ಮಕ್ಕಳಿಗೆ ಕೇಳ್ತೀನಮ್ಮ" ಅಂದರು. ಅವರಿಗೂ ನನ್ನಿಂದ ಒಂದು ಪ್ರಶ್ನೆ ಸಿಕ್ಕಿತು ಅಂತ ಎಷ್ಟು ಖುಷಿಯಾಯಿತೋ.

ಮಕ್ಕಳ ಮುಖದ ಫೋಟೊ ಮಾತ್ರ ಯಾವ ಗುಂಪಿಗೂ ಹಾಕಬೇಡಿ. ಕೈ, ಪುಸ್ತಕ, ಉಪಕರಣ, ಇಷ್ಟು ಸಾಕು. ಹೆಸರೂ ಬೇಡ. ಅವರ ಅಪ್ಪ ಅಮ್ಮ ನಮ್ಮನ್ನು ನಂಬಿ ಕಳಿಸಿದ್ದಾರೆ. ಫೋನನ್ನು ತರಗತಿಗೆ ಒಯ್ಯುವ ಮೊದಲು ಹೆಚ್‌ಎಂ ಹತ್ತಿರ ಕೇಳಿ.

ಶಿಕ್ಷಕರು ಶಿಕ್ಷಕರಿಂದ ಕಲಿಯುವುದು ಫೋನ್ ಬಂದ ಮೇಲೆ ಶುರುವಾದದ್ದಲ್ಲ. ನಾವು ಒಂದನೇ ತರಗತಿಯಲ್ಲಿ ಓದಿದ ನಲಿ ಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಅಲ್ಲಿನ ಸರ್ಕಾರಿ ಶಾಲೆ ಮೇಷ್ಟ್ರುಗಳು ಮದನಪಲ್ಲಿ ಹತ್ತಿರದ ರಿಷಿವ್ಯಾಲಿ ಶಾಲೆಗೆ ಹೋಗಿ, ಅಲ್ಲಿ ಹಳ್ಳಿ ಶಾಲೆಗಳಲ್ಲಿ ಕಾರ್ಡುಗಳಿಂದ ಕಲಿಸುವುದನ್ನು ಕಣ್ಣಾರೆ ನೋಡಿ ಬಂದರು. ವಾಪಸ್ ಬಂದು ತಾವೇ ಕೂತು ಕನ್ನಡದಲ್ಲಿ ಕಾರ್ಡು ಮಾಡಿದರು. ಮದನಪಲ್ಲಿ ನಮ್ಮ ಚಿಂತಾಮಣಿಯಿಂದ ಆಂಧ್ರದ ಕಡೆ ಹೋಗುವ ರಸ್ತೆಯಲ್ಲೇ ಸಿಗುತ್ತದೆ. ಅವರು ಅಷ್ಟು ದೂರದಿಂದ ಬಂದು ನೋಡಿದ್ದನ್ನು ಇವತ್ತು ನಾವು ಹುಳದ ಮನೆಯಲ್ಲಿ ಕೂತು ಕೇಳಿಸಿಕೊಳ್ಳಬಹುದು. ನಮ್ಮ ಜಿಲ್ಲೆಯವರೇ ಆದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು, ಗೌರಿಬಿದನೂರು ಹತ್ತಿರದ ಹೊಸೂರಿನವರು, 1962ರಲ್ಲಿ ಜನರಿಗೆ ವಿಜ್ಞಾನದ ಉಪನ್ಯಾಸ ನಡೆಸುವ ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿದ್ದೂ ಇದೇ ಆಸೆಯಿಂದ ಅಂತ ನನಗೆ ಅನ್ನಿಸುತ್ತದೆ: ಗೊತ್ತಿರುವವರು ಮತ್ತು ಕೇಳುವವರು ಒಂದೇ ಜಾಗದಲ್ಲಿ ಕೂರಲಿ ಅಂತ.

ಕೊಡಲು ನನ್ನ ಹತ್ತಿರ ಏನಿದೆ ಅಂತ ಯೋಚಿಸಿದ್ದೆ. ಅನುಭವ ಇಲ್ಲ. ಆದರೆ ಮನೆಯಲ್ಲಿ ರೇಷ್ಮೆ ಹುಳ ಇದೆ. ಒಂದು ಬೆಳೆ ಪೂರ್ತಿ ಫೋಟೊ ತೆಗೆದೆ. ಚಾಕಿ ಹುಳ (ಎಳೆಯ ಹುಳ), ನಾಲ್ಕು ಜ್ವರ, ಹಣ್ಣಾದ ಹುಳ (ಗೂಡು ಕಟ್ಟಲು ಸಿದ್ಧವಾದದ್ದು), ಚಂದ್ರಿಕೆಗೆ ಬಿಟ್ಟಿದ್ದು, ಗೂಡು. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಆಮೇಲೆ ಹಳೇ ಚರ್ಮ ಕಳಚುತ್ತದೆ. ಪುಸ್ತಕದಲ್ಲಿ ಪೊರೆ ಕಳಚುವುದು ಅಂತ ಒಂದು ಪದದಲ್ಲಿ ಮುಗಿಯುವುದನ್ನು ಹನ್ನೆರಡು ಫೋಟೊದಲ್ಲಿ ಹಾಕಿ, ಕೆಳಗೆ ಎರಡೆರಡು ಸಾಲು ಬರೆದೆ. ರೇಷ್ಮೆ ಬೆಳೆಯದ ಜಿಲ್ಲೆಗಳ ಮೇಷ್ಟ್ರುಗಳಿಂದ ಎಷ್ಟು ಪ್ರಶ್ನೆ ಬಂತು ಅಂದರೆ, ಅರ್ಧದಷ್ಟು ಅಮ್ಮನನ್ನು ಕೇಳಿ ಉತ್ತರ ಬರೆದೆ. ಹುಳಕ್ಕೆ ಜ್ವರ ಅಂದರೆ ಮೈ ಬಿಸಿಯಾಗುತ್ತದಾ ಅಂತ ಒಬ್ಬರು ಕೇಳಿದ್ದರು. ಅಮ್ಮ ನಕ್ಕು, "ಇಲ್ಲ ಅಂತ ಬರಿಯೇ, ನಾವು ಹಂಗೆ ಕರೀತೀವಿ ಅಷ್ಟೆ" ಅಂದರು. ಹಾಗೇ ಬರೆದೆ.

ಅಂಕ ಕೊಡಿ ಅಂದರೆ, ಟೆಲಿಗ್ರಾಮ್‌ನ ಆ ವಿಜ್ಞಾನದ ಗುಂಪಿಗೆ ಐದಕ್ಕೆ ಐದು. ನಮ್ಮ ಹನ್ನೊಂದು ಜನರ ವಾಟ್ಸಾಪ್ ಗುಂಪಿಗೂ ಐದು. ದೀಕ್ಷಾಗೆ ನಾಲ್ಕು, ಕೆಓಇಆರ್‌ಗೆ ಮೂರೂವರೆ, ಫೆಟ್‌ಗೆ ನಾಲ್ಕೂವರೆ. ಆ ದುಡ್ಡಿನ ಮೆಂಬರ್‌ಶಿಪ್‌ಗೆ ಸೊನ್ನೆ.

ಇಂಟರ್ನ್‌ಶಿಪ್ ಇನ್ನು ಮೂರು ವಾರ ಇದೆ. ಇವತ್ತು ಸಾಯಂಕಾಲ ಕೊಪ್ಪಳದ ಒಬ್ಬ ಮೇಡಂ ಮೆಸೇಜ್ ಹಾಕಿದ್ದಾರೆ, ನಾಳಿದ್ದು ಅವರ ತರಗತಿಯಲ್ಲಿ ತೋರಿಸಲು ಹುಳ ಚರ್ಮ ಕಳಚುವ ವಿಡಿಯೊ ಬೇಕಂತೆ. ನಮ್ಮ ಮನೆ ಹುಳ ನಿನ್ನೆ ಮೂರನೇ ಜ್ವರಕ್ಕೆ ಕೂತಿದೆ, ನಾಳೆ ಬೆಳಗಿನ ಜಾವ ಏಳಬಹುದು ಅಂತ ಅಮ್ಮ ಹೇಳಿದ್ದಾರೆ. ನಾಲ್ಕೂವರೆಗೆ ಅಲಾರಂ ಇಟ್ಟಿದ್ದೇನೆ.